ಹಂಗಾಮಿನ ಕಾಯಿಲೆಗಳೂ ಶಕ್ತಿಮಾತ್ರೆಗಳೂ: ಸದಸ್ಯ ಶಿಕ್ಷಣ ಪಾಠ



ಕಾಫಿ ಕೊಯ್ಲು ಹತ್ತಿರವಾಗಿದೆ. ಇನ್ನು ಕೆಲವೇ ವಾರಗಳಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಕಡೆಯಿಂದ ಕೆಲಸಗಾರರ ತಂಡಗಳು ನಮ್ಮ ತೋಟಗಳಿಗೆ ಬರಲಿವೆ. ಅವರು ಗಟ್ಟಿಯಾಗಿದ್ದರೆ ನಮ್ಮ ಹಣ್ಣು ಸಕಾಲದಲ್ಲಿ ಕಣಕ್ಕೆ ಬರುತ್ತದೆ. ಅವರು ಜ್ವರ ಬಂದು ಮಲಗಿದರೆ ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರುತ್ತದೆ. ಎರಡು ಮೂರು ಎಕರೆಯ ಸಣ್ಣ ಬೆಳೆಗಾರನಿಗೆ ಇದು ವರ್ಷದ ಸಂಪಾದನೆಯ ಪ್ರಶ್ನೆ. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವ ಕೆಲಸಗಾರರಿಗೆ ಅದು ಅಂದಿನ ಊಟದ ಪ್ರಶ್ನೆ.

ಈ ಹಿನ್ನೆಲೆಯಲ್ಲಿ ಸಂಘದ ಮುಂದೆ ಒಂದು ಸಲಹೆ ಬಂದಿದೆ. ಮೈಲುತುತ್ತ, ಸುಣ್ಣ, ರಸಗೊಬ್ಬರಗಳನ್ನು ಸಗಟಾಗಿ ತರಿಸುವ ಹಾಗೆಯೇ ವಿಟಮಿನ್ ಸಿ, ಸತು ಮತ್ತು ವಿಟಮಿನ್ ಡಿ ಸೇರಿದ ‘ರೋಗನಿರೋಧಕ ಶಕ್ತಿ’ಯ ಮಾತ್ರೆಗಳನ್ನು ತರಿಸಿ, ಕೊಯ್ಲಿನ ಮೂರು ತಿಂಗಳು ಸದಸ್ಯರ ಮನೆಯವರಿಗೂ ಕೆಲಸಗಾರರಿಗೂ ಒದಗಿಸಬೇಕೆಂಬುದು ಆ ಸಲಹೆ. ಸಲಹೆ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಸಂಘದ ಹಣ ಎಲ್ಲರ ಹಣ. ಅದನ್ನು ತೆಗೆಯುವ ಮೊದಲು ವಿಷಯವನ್ನು ಓದಿ ತಿಳಿದುಕೊಳ್ಳುವುದು ನಮ್ಮ ಕರ್ತವ್ಯ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿರುವುದರಿಂದ, ಸದಸ್ಯರು ಮನೆಯಲ್ಲಿ ಓದಿಕೊಂಡು ಬರಲೆಂದು ಈ ಪಾಠವನ್ನು ಬರೆದಿದ್ದೇನೆ.

ಪ್ರಶ್ನೆಯನ್ನು ಸರಿಯಾಗಿ ಕೇಳೋಣ

ಮೊದಲು ಪ್ರಶ್ನೆಯ ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕು. ನಾವು ಕೇಳುತ್ತಿರುವುದು ಇಷ್ಟೆ: ಮೈಯಲ್ಲಿ ಬೇರೆ ಕಾಯಿಲೆಯಿಲ್ಲದ, ಎರಡು ಹೊತ್ತು ಉಂಡು ದುಡಿಯುವ ವಯಸ್ಕ ಮನುಷ್ಯನು ದಿನವೂ ಇಂಥ ಮಾತ್ರೆ ನುಂಗಿದರೆ, ನೆಗಡಿ, ಕೆಮ್ಮು, ಫ್ಲೂ ಜ್ವರ ಮುಂತಾದ ಹಂಗಾಮಿನ ಸೋಂಕುಗಳು ಅವನಿಗೆ ಬರುವುದು ಕಡಿಮೆಯಾಗುತ್ತದೆಯೆ? ಗರ್ಭಿಣಿಯರು, ಎಳೆಯ ಮಕ್ಕಳು, ರಕ್ತಹೀನತೆ ಇರುವವರು, ಸಕ್ಕರೆ ಕಾಯಿಲೆಯವರು ಈ ಪ್ರಶ್ನೆಯೊಳಗೆ ಬರುವುದಿಲ್ಲ. ಅವರ ವಿಷಯ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ತೋಟವೇ ಹೇಳುವ ಪಾಠ

ಈ ವಿಷಯದ ತಿರುಳು ಬೆಳೆಗಾರರಿಗೆ ಹೊಸದೇನಲ್ಲ. ಸತುವಿನ ಕೊರತೆಯಿರುವ ಕಾಫಿ ಗಿಡದಲ್ಲಿ ಚಿಗುರೆಲೆ ಕಿರಿದಾಗುತ್ತದೆ, ಗೆಣ್ಣುಗಳ ನಡುವಣ ಅಂತರ ಕುಗ್ಗುತ್ತದೆ. ಅಂಥ ಗಿಡಕ್ಕೆ ಸತುವಿನ ಸಲ್ಫೇಟ್ ಸಿಂಪಡಿಸಿದರೆ ಚೇತರಿಸಿಕೊಳ್ಳುತ್ತದೆ. ಆದರೆ ಕೊರತೆಯೇ ಇಲ್ಲದ ಗಿಡಕ್ಕೆ ಎರಡು ಪಟ್ಟು ಸಿಂಪಡಿಸಿದರೆ ಎರಡು ಪಟ್ಟು ಫಸಲು ಬರುತ್ತದೆಯೆ? ಬರುವುದಿಲ್ಲ, ಎಲೆ ಸುಡುವುದೂ ಉಂಟು.

ಅಡಿಕೆಯ ಕೊಳೆರೋಗವನ್ನು ನೋಡಿ. ಚೆನ್ನಾಗಿ ಗೊಬ್ಬರ ಉಂಡ ಮರಕ್ಕೂ ಕೊಳೆ ಬರುತ್ತದೆ. ಏಕೆಂದರೆ ಅದು ಹಸಿವಿನಿಂದ ಬರುವ ರೋಗವಲ್ಲ, ಮಳೆಗಾಲದಲ್ಲಿ ಹರಡುವ ಸೂಕ್ಷ್ಮಜೀವಿಯಿಂದ ಬರುವ ರೋಗ. ಮೈಸೂರು ಸಂಸ್ಥಾನದಲ್ಲಿದ್ದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆ ನಮ್ಮಲ್ಲಿ ನೆಲೆಯೂರಲು ಅವರ ಕೆಲಸ ಕಾರಣವಾಯಿತು. ಗೊನೆಯ ಮೇಲೆ ದ್ರಾವಣದ ಲೇಪ ಬಿದ್ದಾಗ ರೋಗ ಒಳಹೊಗುವ ದಾರಿ ಮುಚ್ಚಿತು. ಅಂದರೆ ಕೊರತೆಗೆ ಪೋಷಣೆ ಬೇಕು, ಸೋಂಕಿಗೆ ದಾರಿ ಮುಚ್ಚುವ ಕೆಲಸ ಬೇಕು. ಇವೆರಡನ್ನೂ ಬೆರೆಸಿದಾಗಲೇ ನಮ್ಮ ಹಣ ಪೋಲಾಗುವುದು.

ಹೋಲಿಕೆಯ ಸಾಲು ಏಕೆ ಬೇಕು?

“ನಾನು ಹೋದ ವರ್ಷ ದಿನಾ ಮಾತ್ರೆ ತಗೊಂಡೆ, ಶೀತವೇ ಬರಲಿಲ್ಲ” ಎಂದು ಹೇಳುವ ಸದಸ್ಯರಿದ್ದಾರೆ. “ಶೀತ ಬಂದಿತ್ತು, ಮಾತ್ರೆ ನುಂಗಿದೆ, ಐದು ದಿನಕ್ಕೆ ಹೋಯಿತು” ಎನ್ನುವವರೂ ಇದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ನೆಗಡಿಯು ಔಷಧವಿಲ್ಲದೆಯೂ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಹೋಗುವ ಕಾಯಿಲೆ. ವಯಸ್ಕರಿಗೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಮೂರು ಸಲ ಬರುತ್ತದೆ. ಕೆಲವು ವರ್ಷ ಬರುವುದೇ ಇಲ್ಲ. ಹೀಗಿರುವಾಗ ಹೋದದ್ದು ಮಾತ್ರೆಯಿಂದಲೋ ತಾನಾಗಿಯೋ ಎಂದು ಒಬ್ಬರ ಅನುಭವದಿಂದ ಹೇಳುವುದು ಹೇಗೆ?

ಹೊಸ ಗೊಬ್ಬರ ಬಂದಾಗ ಜಾಣ ಬೆಳೆಗಾರನು ಒಂದು ಸಾಲಿಗೆ ಹಾಕಿ ಪಕ್ಕದ ಸಾಲನ್ನು ಹಾಗೆಯೇ ಬಿಡುತ್ತಾನೆ. ವೈದ್ಯವಿಜ್ಞಾನಿಗಳೂ ಅದನ್ನೇ ಮಾಡುತ್ತಾರೆ. ಸಾವಿರಾರು ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಸಪ್ಪೆ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದೆಂದು ನುಂಗುವವರಿಗೂ ಗೊತ್ತಿರುವುದಿಲ್ಲ, ಲೆಕ್ಕ ಬರೆಯುವವರಿಗೂ ಗೊತ್ತಿರುವುದಿಲ್ಲ. ಕೊನೆಗೆ ಎಣಿಸಿ ನೋಡುತ್ತಾರೆ. ಮುಂದೆ ಹೇಳುವ ಅಂಕಿಗಳಲ್ಲಿ ಹೆಚ್ಚಿನವು ಇಂಥ ಪ್ರಯೋಗಗಳಿಂದ ಬಂದವು.

ವಿಟಮಿನ್ ಸಿ

ನೆಗಡಿಗೆ ವಿಟಮಿನ್ ಸಿ ಎಂಬ ನಂಬಿಕೆ ಲೋಕದಲ್ಲೆಲ್ಲ ಹರಡಿದ್ದಕ್ಕೆ ಮುಖ್ಯ ಕಾರಣರು ಅಮೆರಿಕದ ಲೈನಸ್ ಪಾಲಿಂಗ್. ಅವರು 1954ರಲ್ಲಿ ರಸಾಯನಶಾಸ್ತ್ರಕ್ಕೂ 1962ನೇ ಸಾಲಿನಲ್ಲಿ ಶಾಂತಿಗೂ ನೊಬೆಲ್ ಬಹುಮಾನ ಪಡೆದ ಮಹಾನುಭಾವರು. 1970ರಲ್ಲಿ ಈ ವಿಷಯವಾಗಿ ಒಂದು ಪುಸ್ತಕ ಬರೆದು, ದಿನಕ್ಕೆ ಒಂದು ಗ್ರಾಂ ಅಥವಾ ಹೆಚ್ಚು ಸೇವಿಸಿದರೆ ನೆಗಡಿಯನ್ನು ತಡೆಯಬಹುದೆಂದರು. ಅಷ್ಟು ದೊಡ್ಡವರು ಹೇಳಿದ ಮಾತಾದ್ದರಿಂದ ವಿಜ್ಞಾನಿಗಳು ಅದನ್ನು ಮತ್ತೆ ಮತ್ತೆ ಪರೀಕ್ಷಿಸಿದರು.

ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2013ರಲ್ಲಿ ಈ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. 29 ಹೋಲಿಕೆಗಳು, 11 ಸಾವಿರಕ್ಕೂ ಹೆಚ್ಚು ಜನ. ದಿನವೂ ವಿಟಮಿನ್ ಸಿ ನುಂಗಿದ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿಯ ಅವಧಿ ಮಾತ್ರ ವಯಸ್ಕರಲ್ಲಿ ನೂರಕ್ಕೆ 8ರಷ್ಟು ತಗ್ಗಿತು. ಏಳು ದಿನದ ನೆಗಡಿಯಲ್ಲಿ ನೂರಕ್ಕೆ 8 ಎಂದರೆ ಸುಮಾರು ಅರ್ಧ ದಿನ. ವರ್ಷಕ್ಕೆ ಮೂರು ನೆಗಡಿ ಎಂದರೂ 365 ದಿನ ಮಾತ್ರೆ ನುಂಗಿ ಒಂದೂವರೆ ದಿನ ಉಳಿಸಿದಂತಾಯಿತು. ನೆಗಡಿ ಶುರುವಾದ ಮೇಲೆ ನುಂಗಲು ತೊಡಗಿದವರಿಗೆ ನೆಚ್ಚಬಹುದಾದ ಲಾಭವೇನೂ ಕಾಣಲಿಲ್ಲ.

ಇಲ್ಲಿ ಒಂದು ವಿನಾಯಿತಿ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮ್ಯಾರಥಾನ್ ಓಟಗಾರರು, ಹಿಮದ ಮೇಲೆ ಜಾರುವ ಕ್ರೀಡಾಪಟುಗಳು ಮತ್ತು ಕೊರೆಯುವ ಚಳಿಯಲ್ಲಿ ತಾಲೀಮು ಮಾಡುತ್ತಿದ್ದ ಸೈನಿಕರು, ಒಟ್ಟು 598 ಜನ ಇದ್ದ ಐದು ಪ್ರಯೋಗಗಳಲ್ಲಿ ನೆಗಡಿ ಬರುವುದು ಅರ್ಧದಷ್ಟಾಯಿತು. “ನಮ್ಮ ಕೆಲಸಗಾರರೂ ಬಿಸಿಲುನಾಡಿನಿಂದ ಬಂದು ಡಿಸೆಂಬರ್ ಇಬ್ಬನಿಯಲ್ಲಿ ನೆನೆದು ದುಡಿಯುವವರಲ್ಲವೆ?” ಎಂದು ಕೇಳುವುದು ನ್ಯಾಯವೇ. ಆದರೆ ನಮ್ಮ ಚಳಿ ಆ ಹಿಮನಾಡಿನ ಚಳಿಯಲ್ಲ. ಅವರು ಕೆಲವೇ ದಿನ ಅಥವಾ ವಾರಗಳ ಅತಿಶ್ರಮದಲ್ಲಿದ್ದವರು. ಅಲ್ಲದೆ ಆ ಪ್ರಯೋಗಗಳ ಪ್ರಮಾಣ ನಮಗೆ ಹಿತ್ತಲಲ್ಲೇ ಸಿಗುತ್ತದೆ. 100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ. ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದ ದಿನದ ಅಗತ್ಯವೋ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಒಂದು ಸೀಬೆಹಣ್ಣು ತಿಂದರೆ ಮುಗಿಯಿತು.

ಅತಿಯಾದರೆ ಕೇಡೂ ಇದೆ. ಸ್ವೀಡನ್ನಿನಲ್ಲಿ ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದವರಲ್ಲಿ ಮೂತ್ರಪಿಂಡದ ಕಲ್ಲು ಸುಮಾರು ಇಮ್ಮಡಿ ಕಂಡುಬಂತು. ನೀರು ಕಡಿಮೆ ಕುಡಿದು ಬಿಸಿಲಲ್ಲಿ ಬೆವರುವ ಸಿಂಧನೂರು, ಮಸ್ಕಿ ಕಡೆಯ ಜನರಿಗೆ ಇದು ಸಣ್ಣ ಮಾತಲ್ಲ.

ಸತು

ಸತುವಿನ ಬಗ್ಗೆ 34 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2024ರಲ್ಲಿ ಪರಿಶೀಲಿಸಿತು. ನೆಗಡಿ ಬಾರದಂತೆ ತಡೆಯುವುದರಲ್ಲಿ ಸತುವಿನಿಂದ ಲಾಭ ಇಲ್ಲವೆನ್ನಬಹುದಾದಷ್ಟು ಕಡಿಮೆ ಎಂದು ಕಂಡಿತು. ಬಂದ ಮೇಲೆ ಸೇವಿಸಿದರೆ ಸುಮಾರು ಎರಡು ದಿನ ಬೇಗ ಗುಣವಾಗಬಹುದು. ಆದರೆ ಪ್ರಯೋಗ ಪ್ರಯೋಗಕ್ಕೂ ಫಲ ಬೇರೆ ಬೇರೆ ಬಂದಿರುವುದರಿಂದ ಈ ಮಾತಿಗೆ ಬಲ ಸಾಲದು. ವಾಕರಿಕೆ, ಬಾಯಿ ರುಚಿ ಕೆಡುವುದು ಮುಂತಾದ ತೊಂದರೆ ಸತು ಸೇವಿಸಿದವರಲ್ಲೇ ಹೆಚ್ಚು. ಹೆಚ್ಚಿನ ಪ್ರಮಾಣದ ಸತುವನ್ನು ತಿಂಗಳುಗಟ್ಟಲೆ ಸೇವಿಸಿದರೆ ದೇಹದಲ್ಲಿ ತಾಮ್ರದ ಕೊರತೆಯಾಗುತ್ತದೆ.

ಕೋವಿಡ್ ಕಾಲದಲ್ಲಿ ಸತುವೂ ವಿಟಮಿನ್ ಸಿಯೂ ನಮ್ಮ ಪೇಟೆಯ ಔಷಧದಂಗಡಿಗಳಲ್ಲಿ ಸಿಗದಷ್ಟು ಖರ್ಚಾದದ್ದು ನೆನಪಿರಬಹುದು. ಅದೇ ಹೊತ್ತಿಗೆ ಅಮೆರಿಕದಲ್ಲಿ 214 ಕೋವಿಡ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಎರಡನ್ನೂ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದರು. ರೋಗಲಕ್ಷಣಗಳು ಬೇಗ ತಗ್ಗಲಿಲ್ಲ. ಲಾಭ ಕಾಣುವ ಸಂಭವವಿಲ್ಲವೆಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿ, 2021ರಲ್ಲಿ ವರದಿ ಪ್ರಕಟಿಸಿದರು.

ವಿಟಮಿನ್ ಡಿ

ಆರೋಗ್ಯವಂತ ವಯಸ್ಕರ ಬಗ್ಗೆ ನಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಪ್ರಯೋಗ ನ್ಯೂಜಿಲೆಂಡಿನದು, 2012ರಲ್ಲಿ ಪ್ರಕಟವಾಯಿತು. 322 ಜನ ಆರೋಗ್ಯವಂತರಿಗೆ ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದ ವಿಟಮಿನ್ ಡಿ ಅಥವಾ ಸಪ್ಪೆ ಮಾತ್ರೆಯನ್ನು ಒಂದೂವರೆ ವರ್ಷ ಕೊಟ್ಟರು. ವಿಟಮಿನ್ ಪಡೆದವರಿಗೆ ಸರಾಸರಿ 3.7 ಸಲ ನೆಗಡಿ, ಪಡೆಯದವರಿಗೆ 3.8 ಸಲ. ವ್ಯತ್ಯಾಸವಿಲ್ಲವೆಂದೇ ಅರ್ಥ.

ಆ ಮೇಲೆ 2017ರಲ್ಲಿ 25 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಸ್ವಲ್ಪ ಲಾಭ ಕಂಡಿತು. ಮೈಯಲ್ಲಿ ವಿಟಮಿನ್ ಡಿ ತೀರ ಕಡಿಮೆ ಇದ್ದವರಿಗೇ ಆ ಲಾಭ ಹೆಚ್ಚು. ಆದರೆ ದೊಡ್ಡ ಪ್ರಯೋಗಗಳೂ ಸೇರಿಕೊಂಡು 2025ರಲ್ಲಿ 61 ಸಾವಿರಕ್ಕೂ ಹೆಚ್ಚು ಜನರ ಲೆಕ್ಕವಾದಾಗ, ಆ ಲಾಭವು ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳಲಾಗದಷ್ಟು ಕರಗಿತ್ತು. ವಿಜ್ಞಾನದಲ್ಲಿ ಹೀಗಾಗುವುದು ದೋಷವಲ್ಲ. ಕಂಬಳದ ಗದ್ದೆಯಷ್ಟು ಜಾಗದಲ್ಲಿ ಕಂಡ ಇಳುವರಿ ನೂರು ಎಕರೆಯಲ್ಲಿ ಕಾಣದಿದ್ದರೆ ನಾವು ಯಾವುದನ್ನು ನಂಬುತ್ತೇವೆ?

ಔಷಧದಂಗಡಿಯಲ್ಲಿ ಸಿಗುವ 60,000 ಯೂನಿಟ್ಟಿನ ವಿಟಮಿನ್ ಡಿ ಪೊಟ್ಟಣವು ಕೊರತೆ ಇರುವವರಿಗೆ ವೈದ್ಯರು ವಾರಕ್ಕೊಂದರಂತೆ, ಕೆಲವು ವಾರಗಳಿಗೆ ಬರೆದುಕೊಡುವಂಥದ್ದು. ದಿನದ ಅಗತ್ಯ 600 ಯೂನಿಟ್ ಮಾತ್ರ. ಇದನ್ನು ದಿನಕ್ಕೊಂದರಂತೆ ತಿಳಿಯದೆ ನುಂಗಿದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೆ ಅಪಾಯ. ಓದು ಬಾರದ ಕೆಲಸಗಾರರ ಕೈಗೆ ಇಂಥದ್ದನ್ನು ಒಟ್ಟಾಗಿ ಕೊಡುವುದು ಎಷ್ಟು ಸರಿ ಎಂಬುದನ್ನು ಸದಸ್ಯರೇ ಯೋಚಿಸಬೇಕು.

ಕಷಾಯ, ಅಮೃತಬಳ್ಳಿ

2020ರ ಮಾರ್ಚ್ ಕೊನೆಯಲ್ಲಿ ಕೇಂದ್ರದ ಆಯುಷ್ ಮಂತ್ರಾಲಯವು ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿಗಳ ಕಷಾಯ ಕುಡಿಯಬಹುದೆಂದು ಸಲಹೆ ಕೊಟ್ಟಿತು. ಇದು ಕೋವಿಡ್ಡಿಗೆ ಚಿಕಿತ್ಸೆ ಎಂದು ಹೇಳುತ್ತಿಲ್ಲವೆಂದು ಅದೇ ಪತ್ರದಲ್ಲಿ ತಿಳಿಸಿತ್ತು. ಊರೂರಿಗೆ ಹಬ್ಬಿದ ಮಾತಿನಲ್ಲಿ ಆ ಕೊನೆಯ ಸಾಲು ಉಳಿಯಲಿಲ್ಲ.

ಕಾಳುಮೆಣಸು ನಾವೇ ಬೆಳೆಯುವ ಬೆಳೆ. ಅದರ ಗುಣಗಾನದಿಂದ ನಮಗೇ ಲಾಭ. ಆದ್ದರಿಂದ ನಾವು ಇನ್ನೂ ಹೆಚ್ಚು ಎಚ್ಚರದಿಂದ ಮಾತಾಡಬೇಕು. ಬಿಸಿ ಕಷಾಯದಿಂದ ಗಂಟಲಿಗೆ ಹಿತವಾಗುತ್ತದೆ, ದೇಹಕ್ಕೆ ನೀರೂ ಸೇರುತ್ತದೆ. ಮನೆಯ ಪ್ರಮಾಣದಲ್ಲಿ ಕುಡಿಯುವುದಕ್ಕೆ ಅಡ್ಡಿಯಿಲ್ಲ. ಆದರೆ ಕುಡಿದವರಿಗೆ ಸೋಂಕು ತಗಲುವುದಿಲ್ಲ ಎಂದು ಹೇಳಲು ಆಧಾರವಿಲ್ಲ.

ಬೇಲಿಯಲ್ಲಿ ಹಬ್ಬುವ ಅಮೃತಬಳ್ಳಿಯ ವಿಷಯದಲ್ಲಿ ಇನ್ನೂ ಜೋಪಾನ ಬೇಕು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬಯಿಯಲ್ಲಿ ಅದನ್ನು ಸೇವಿಸಿದ್ದ ಆರು ಮಂದಿಯ ಯಕೃತ್ತಿಗೆ ಪೆಟ್ಟಾದದ್ದನ್ನು ವೈದ್ಯರು ವರದಿ ಮಾಡಿದರು. ಅದು ಅಮೃತಬಳ್ಳಿಯಲ್ಲ, ಅದರಂತೆಯೇ ಕಾಣುವ ಬೇರೆ ಬಳ್ಳಿಯಿರಬಹುದೆಂದು ಆಯುಷ್ ಮಂತ್ರಾಲಯ ಆಕ್ಷೇಪಿಸಿತು. ಈ ವಾದ ಹೇಗೇ ಇರಲಿ, ಯಾವ ಬಳ್ಳಿಯೆಂದು ಗುರುತಿಸಲಾಗದವರು ತಿಂಗಳುಗಟ್ಟಲೆ ಅದರ ರಸ ಕುಡಿಯಬಾರದು. ಮೊದಲೇ ಯಕೃತ್ತಿನ ಕಾಯಿಲೆ ಇರುವವರು ಮುಟ್ಟಲೇಬಾರದು.

ಡಬ್ಬಿಯ ಚೀಟಿ ಓದಿ

ನಮ್ಮ ದೇಶದ ಆಹಾರ ಕಾನೂನಿನಲ್ಲಿ ಇಂಥ ಪೂರಕಗಳು ಔಷಧವಲ್ಲ, ಆಹಾರ. ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಮಾತು ಡಬ್ಬಿಯ ಮೇಲೆ ಎದ್ದು ಕಾಣುವಂತೆ ಇರಲೇಬೇಕೆಂದು ನಿಯಮವಿದೆ. ಮುಂದಿನ ಬಾರಿ ಮಾರಾಟಗಾರರು ಬಂದಾಗ ಡಬ್ಬಿಯನ್ನು ತಿರುಗಿಸಿ ಆ ಸಾಲನ್ನು ಓದಿಸಿರಿ. ಬಾಯಲ್ಲಿ ಹೇಳುವುದಕ್ಕೂ ಡಬ್ಬಿಯ ಮೇಲೆ ಅಚ್ಚಾಗಿರುವುದಕ್ಕೂ ಎಷ್ಟು ದೂರ ಎಂಬುದು ತಿಳಿಯುತ್ತದೆ.

ಮಾತ್ರೆ ನಿಜವಾಗಿ ಬೇಕಾದವರು

ಇಷ್ಟು ಓದಿ ‘ಮಾತ್ರೆಯೇ ಬೇಡ’ ಎಂದು ಯಾರೂ ತೀರ್ಮಾನಿಸಬಾರದು. ಕೊರತೆ ಇದ್ದವರಿಗೆ ಮಾತ್ರೆ ಔಷಧವೇ ಸರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 48ರಷ್ಟು ಜನರಿಗೆ ರಕ್ತಹೀನತೆ ಇದೆ. ನಮ್ಮ ತೋಟಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ಏದುಸಿರು, ಬಿಳಿಚಿದ ಕಣ್ಣು, ನಿತ್ಯದ ಸುಸ್ತು ಕಂಡರೆ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಅಲ್ಲಿ ಉಚಿತ. ಗರ್ಭಿಣಿಯರು ಆ ಮಾತ್ರೆಯನ್ನು ತಪ್ಪಿಸಲೇಬಾರದು. ಲಿಂಗಸುಗೂರು ಕಡೆಯಿಂದ ಹೊರಡುವಾಗಲೇ ತಾಯಿ ಕಾರ್ಡನ್ನು ಜೊತೆಗೆ ತರುವಂತೆ ಮೇಸ್ತ್ರಿಗೆ ಫೋನಿನಲ್ಲಿ ತಿಳಿಸಿರಿ. ಇಲ್ಲಿನ ಆಶಾ ಕಾರ್ಯಕರ್ತೆಗೆ ಮುಂದಿನ ಕೆಲಸ ಸುಲಭವಾಗುತ್ತದೆ.

ಮಾತ್ರೆಗೆ ಜಗ್ಗದ ಜ್ವರಗಳು

ಶಕ್ತಿಮಾತ್ರೆಯಿಂದಾಗುವ ದೊಡ್ಡ ನಷ್ಟ ಹಣದ್ದಲ್ಲ. ‘ಮಾತ್ರೆ ನುಂಗಿದ್ದೇನೆ, ನನಗೇನೂ ಆಗದು’ ಎಂಬ ಧೈರ್ಯದಿಂದ ಜ್ವರವನ್ನು ಅಲಕ್ಷಿಸುವುದೇ ದೊಡ್ಡ ನಷ್ಟ. ನಮ್ಮ ಕೊಯ್ಲಿನ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ ಎಂಬುದನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣುಗಿನ ಕಡಿತದಿಂದ ಬರುತ್ತದೆ. ಸಾಮಾನ್ಯವಾಗಿ ನವೆಂಬರಿನಿಂದ ಮೇವರೆಗೆ ಅದರ ಹಾವಳಿ. ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ತೀರಿಕೊಳ್ಳುತ್ತಾರೆ. ಅದಕ್ಕೇ ಎಂದು ಮದ್ದಿಲ್ಲ; ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಯಾವ ವಿಟಮಿನ್ನೂ ಉಣುಗನ್ನು ತಡೆಯುವುದಿಲ್ಲ. ತಡೆಯುವುದು ಮೈಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲ, ಸಂಜೆ ಬಿಸಿನೀರಿನ ಸ್ನಾನ, ಮತ್ತು ಸತ್ತ ಮಂಗ ಕಂಡ ಕೂಡಲೇ ಇಲಾಖೆಗೆ ತಿಳಿಸುವುದು.

ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಇದು ಗೊತ್ತು. ಮಸ್ಕಿಯ ಎರೆಹೊಲದಿಂದ ಬಂದವರಿಗೆ ಗೊತ್ತಿಲ್ಲ. ಸೌದೆಗೆಂದು ಕಾಡಿನಂಚಿಗೆ ಹೋಗುವವರು ಅವರೇ. ಬಂದ ಮೊದಲ ದಿನವೇ ಅವರಿಗೆ ಇದನ್ನು ತಿಳಿಸಿ ಹೇಳಬೇಕು. ಉಣುಗು ಕಡಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಕೊಯ್ಲು ಮುಗಿಸಿ ಊರಿಗೆ ಹೋದ ಮೇಲೆ ಜ್ವರ ಕಾಣಿಸಿಕೊಂಡರೆ ಸಿಂಧನೂರು ಅಥವಾ ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ‘ಮಲೆನಾಡಿನ ತೋಟದಲ್ಲಿ ಕೆಲಸಕ್ಕಿದ್ದೆ’ ಎಂದು ಮೊದಲು ಹೇಳುವಂತೆ ಅವರಿಗೆ ಸೂಚಿಸಿರಿ. ಹಾಗೆಯೇ ಊರಿನಿಂದ ಬಂದ ಮೊದಲ ವಾರದಲ್ಲಿ ಯಾರಿಗಾದರೂ ಜ್ವರ ಬಂದರೆ ನಮ್ಮ ವೈದ್ಯರಿಗೆ ‘ಇವರು ರಾಯಚೂರು ಕಡೆಯಿಂದ ಬಂದವರು’ ಎಂದು ನಾವು ಹೇಳಬೇಕು. ಡೆಂಗಿ, ಮಲೇರಿಯ, ಚಿಕುನ್‌ಗುನ್ಯ ಇವನ್ನೆಲ್ಲ ಅವರು ನೆನಪಿಗೆ ತಂದುಕೊಳ್ಳಲು ಇದು ಸಹಾಯಕ.

ಇಂಥ ಜ್ವರದಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಟಾನಿಕ್ ಕುಡಿಸದೆ ಕಫದ ಪರೀಕ್ಷೆ ಮಾಡಿಸಿರಿ. ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ದಾರಿ ಮುಚ್ಚುವ ಕೆಲಸಗಳು

ಹಾಗಾದರೆ ನೆಗಡಿ, ಫ್ಲೂಗಳಿಗೆ ಬೋರ್ಡೋ ದ್ರಾವಣದಂಥದ್ದು ಯಾವುದು? ಪೂರ್ತಿ ತಡೆಯುವಂಥದ್ದು ಒಂದೂ ಇಲ್ಲ. ಆದರೆ ಅಳೆದು ನೋಡಿದ ಕೆಲವು ಕ್ರಮಗಳಿವೆ.

ಮೊದಲನೆಯದು ಸಾಬೂನು. ಕೈತೊಳೆಯುವುದನ್ನು ಕ್ರಮವಾಗಿ ಜಾರಿಗೆ ತಂದ ಪ್ರಯೋಗಗಳನ್ನು 2023ರಲ್ಲಿ ಕೂಡಿಸಿದಾಗ, ಉಸಿರಾಟದ ಸೋಂಕು ಸಾವಿರಕ್ಕೆ 380 ಜನರಿಗೆ ಬರುತ್ತಿದ್ದದ್ದು 327ಕ್ಕೆ ಇಳಿದಿತ್ತು. ನೂರಕ್ಕೆ 14ರಷ್ಟು ಇಳಿತ. ಮಾತ್ರೆಗಳಲ್ಲಿ ಇಷ್ಟು ಕಾಣಲಿಲ್ಲ. ಭೇದಿಯೂ ಕಡಿಮೆಯಾಗುತ್ತದೆ ಎಂಬುದು ಮೇಲಿನ ಲಾಭ.

ಎರಡನೆಯದು ನಿದ್ರೆ. 2009ರಲ್ಲಿ ಅಮೆರಿಕದಲ್ಲಿ 153 ಜನ ಆರೋಗ್ಯವಂತ ವಯಸ್ಕರ ಮೂಗಿಗೆ ನೆಗಡಿಯ ವೈರಸ್ಸನ್ನೇ ಹಾಕಿ ನೋಡಿದರು. ಏಳು ಗಂಟೆಗಿಂತ ಕಡಿಮೆ ನಿದ್ರಿಸುವವರಿಗೆ, ಎಂಟು ಗಂಟೆ ನಿದ್ರಿಸುವವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ನೆಗಡಿಯಾಯಿತು. ಸಾಲದ ಹೊದಿಕೆಯಲ್ಲಿ ನಡುಗುತ್ತ ರಾತ್ರಿ ಕಳೆಯುವವರಿಗೆ ಎಂಟು ಗಂಟೆಯ ನಿದ್ರೆ ಎಲ್ಲಿಂದ ಬರಬೇಕು? ಕಂಬಳಿಯ ಖರ್ಚನ್ನು ನಾನು ಔಷಧದ ಖರ್ಚೆಂದೇ ಬರೆಯುತ್ತೇನೆ.

ಮೂರನೆಯದು ಗಾಳಿ. ಚಳಿಯಿಂದಲೇ ನೆಗಡಿ ಹುಟ್ಟುವುದಿಲ್ಲ. ಒಬ್ಬರಿಂದೊಬ್ಬರಿಗೆ ವೈರಸ್ ದಾಟುವುದರಿಂದ ಬರುತ್ತದೆ. ಲೈನ್ ಮನೆಯ ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಬಾಗಿಲು ಕಿಟಕಿ ಮುಚ್ಚಿ ಮಲಗಿದರೆ ಒಬ್ಬರ ಕೆಮ್ಮು ಎಲ್ಲರದೂ ಆಗುತ್ತದೆ. ಹೊದಿಕೆ ಸಾಕಷ್ಟಿದ್ದರೆ ಮೇಲಿನ ಗವಾಕ್ಷಿಯನ್ನು ತೆರೆದಿಡಲು ಅವರೂ ಒಪ್ಪುತ್ತಾರೆ.

ನಾಲ್ಕನೆಯದು ಜ್ವರದ ದಿನದ ರಜೆ. ಕಿಲೋ ಲೆಕ್ಕದ ಕೂಲಿಯವರು ಜ್ವರವನ್ನು ಬಚ್ಚಿಟ್ಟು ಸಾಲಿಗೆ ಬರುತ್ತಾರೆ, ಜೀಪಿನಲ್ಲಿ ಒತ್ತಾಗಿ ಕೂರುತ್ತಾರೆ. ಜ್ವರದ ಮೊದಲ ಎರಡು ದಿನಕ್ಕೆ ಅರ್ಧ ಕೂಲಿಯನ್ನಾದರೂ ಕೊಟ್ಟು ಬೇರೆಯಾಗಿ ಮಲಗಿಸಿದರೆ ಉಳಿದವರು ಉಳಿಯುತ್ತಾರೆ. ಲೆಕ್ಕ ಹಾಕಿದರೆ ನಷ್ಟ ಬೆಳೆಗಾರನಿಗೇನೂ ಆಗದು.

ಐದನೆಯದು ಊಟ. ಊರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಶೇಂಗಾ ಚಟ್ನಿ ಉಣ್ಣುವವರು ಇಲ್ಲಿ ಬರಿಯ ಅನ್ನ, ತಿಳಿಸಾರಿಗೆ ಇಳಿಯುತ್ತಾರೆ. ಸಂಘದ ಮೂಲಕ ಜೋಳದ ಹಿಟ್ಟು, ತೊಗರಿಬೇಳೆ, ಶೇಂಗಾ ತರಿಸುವುದು ಕಷ್ಟವಲ್ಲ. ಅವರ ಊರಿನಿಂದ ಬರುವ ಬಸ್ಸಿನಲ್ಲೇ ಬರುತ್ತದೆ. ನಮ್ಮ ಹಿತ್ತಲ ನುಗ್ಗೆಸೊಪ್ಪು, ಬಸಳೆ, ಸೀಬೆಹಣ್ಣನ್ನು ಕೇಳದೆಯೇ ಕೊಡಿರಿ. ಸತುವೂ ವಿಟಮಿನ್ ಸಿಯೂ ಆ ಊಟದೊಳಗೇ ಬಂದವು.

ಫ್ಲೂ ಲಸಿಕೆಯನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು. 2018ರ ಕಾಕ್ರೇನ್ ವರದಿಯಂತೆ ಆರೋಗ್ಯವಂತ ವಯಸ್ಕರಲ್ಲಿ ಒಂದು ಹಂಗಾಮಿನ ಫ್ಲೂ ನೂರಕ್ಕೆ 2.3ರಿಂದ 0.9ಕ್ಕೆ ಇಳಿಯುತ್ತದೆ, ಒಬ್ಬರಿಗೆ ಫ್ಲೂ ತಪ್ಪಿಸಲು 71 ಜನರಿಗೆ ಲಸಿಕೆ ಬೇಕು. ಲಾಭ ನಿಜ, ಆದರೆ ಇಡೀ ತಂಡಕ್ಕೆ ಹಾಕಿಸುವಷ್ಟು ಹಣ ಸಣ್ಣ ಬೆಳೆಗಾರನಲ್ಲಿಲ್ಲ. ಅರವತ್ತೈದು ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ಕಾಯಿಲೆ ಇರುವ ಸದಸ್ಯರು ವೈದ್ಯರನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಹಣದ ಲೆಕ್ಕ

ಒಬ್ಬರ ಮಾತ್ರೆಗೆ ತಿಂಗಳಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. 20 ಜನ ಕೆಲಸಗಾರರ ತೋಟಕ್ಕೆ ಮೂರು ತಿಂಗಳಿಗೆ 18,000 ರೂಪಾಯಿ. ಇದರಲ್ಲಿ ಎಷ್ಟು ಕಂಬಳಿ, ಎಷ್ಟು ಸಾಬೂನು, ಎಷ್ಟು ಬೇಳೆ ಬರುತ್ತದೆಂದು ನಿಮ್ಮ ಪೇಟೆಯ ದರ ಹಾಕಿ ಮನೆಯಲ್ಲೇ ಲೆಕ್ಕ ಮಾಡಿರಿ. ಮಾತ್ರೆ ಹಂಗಾಮಿನೊಂದಿಗೆ ಮುಗಿದುಹೋಗುತ್ತದೆ. ಕಂಬಳಿ ಮುಂದಿನ ಹಂಗಾಮಿಗೂ ಉಳಿಯುತ್ತದೆ.

ಸಾರಾಂಶ

1. ಆರೋಗ್ಯವಂತ ವಯಸ್ಕರು ದಿನವೂ ವಿಟಮಿನ್ ಸಿ, ಸತು, ವಿಟಮಿನ್ ಡಿ ನುಂಗುವುದರಿಂದ ಹಂಗಾಮಿನ ಸೋಂಕು ತಪ್ಪುತ್ತದೆ ಎನ್ನಲು ಆಧಾರ ಸಾಲದು.

2. ಕೊರತೆ ಇದ್ದವರಿಗೆ ಮಾತ್ರೆ ಬೇಕೇ ಬೇಕು. ಅದನ್ನು ಪರೀಕ್ಷೆ ಮಾಡಿಸಿ, ವೈದ್ಯರ ಮೂಲಕ ಕೊಡಿಸಬೇಕು.

3. ಸಾಬೂನು, ನಿದ್ರೆಗೆ ತಕ್ಕ ಹೊದಿಕೆ, ಗಾಳಿಯಾಡುವ ಕೋಣೆ, ಜ್ವರದ ದಿನದ ರಜೆ, ಒಳ್ಳೆಯ ಊಟ ಇವುಗಳಿಗೆ ಹಣ ಮೊದಲು.

4. ಯಾವ ಮಾತ್ರೆ ನುಂಗಿದ್ದರೂ ಜ್ವರವನ್ನು ಅಲಕ್ಷಿಸಬಾರದು. ಎಲ್ಲಿಂದ ಬಂದವರೆಂದು ವೈದ್ಯರಿಗೆ ಹೇಳಬೇಕು.

ಚರ್ಚೆಗೆ ಪ್ರಶ್ನೆಗಳು

ಅ) ನಿಮ್ಮ ಲೈನ್ ಮನೆಯಲ್ಲಿ ಒಂದು ಕೋಣೆಗೆ ಎಷ್ಟು ಜನ? ಕೈತೊಳೆಯಲು ನೀರು, ಸಾಬೂನು ಎಷ್ಟು ದೂರದಲ್ಲಿವೆ?

ಆ) ಜ್ವರದ ದಿನದ ಅರ್ಧ ಕೂಲಿಯನ್ನು ಎಲ್ಲ ಸದಸ್ಯರೂ ಒಂದೇ ರೀತಿ ಕೊಡುವುದು ಸಾಧ್ಯವೆ? ಇಲ್ಲದಿದ್ದರೆ ಅಡ್ಡಿ ಏನು?

ಇ) ಸಂಘವು ಮಾತ್ರೆಯ ಬದಲು ಕಂಬಳಿ, ಸಾಬೂನು, ಜೋಳದ ಹಿಟ್ಟನ್ನು ಸಗಟಾಗಿ ತರಿಸಿದರೆ ನೀವು ಎಷ್ಟು ಕೊಳ್ಳುವಿರಿ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸಭೆಗೆ ಮೊದಲೇ ಕಚೇರಿಗೆ ತಲುಪಿಸಿದರೆ ದರಪಟ್ಟಿ ತರಿಸಿಡಲು ಅನುಕೂಲ. ಮಾತ್ರೆಯ ಪರವಾಗಿ ಮಾತಾಡಲಿಚ್ಛಿಸುವ ಸದಸ್ಯರಿಗೆ ಸಭೆಯಲ್ಲಿ ಸಮಾನ ಅವಕಾಶವಿದೆ. ಅವರೂ ತಮ್ಮ ಲೆಕ್ಕವನ್ನು ಬರೆದು ತರಬೇಕೆಂದು ಕೋರಿಕೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ